ತಲೆ ಎಣಿಸುವ ತಾತ

ಬಂದರಿನ ಹಳೆಯ ಹಡಗನ್ನು ಮ್ಯೂಸಿಯಂ ಮಾಡಿದಾಗ, ಅದರಲ್ಲೇ ದುಡಿದು ತಲೆ ನರೆತ ತಾತನನ್ನು ಇಂಜಿನ್ ಕೋಣೆಯ ಬಾಗಿಲಿಗೆ ಕಾವಲು ಕೂರಿಸಿದರು. ರಜೆಯ ದಿನ ಮಕ್ಕಳುಮರಿ ಕಟ್ಟಿಕೊಂಡು ಬಂದವರು ಕಿರಿದಾದ ಏಣಿ ಇಳಿಯುವ ಮೊದಲು ಅವನು ತಲೆ ಎಣಿಸಬೇಕು, ಹತ್ತಿ ಬಂದ ಮೇಲೆ ಮತ್ತೆ ಎಣಿಸಬೇಕು. ಕಂಕುಳಲ್ಲಿ ನಿದ್ದೆಹೋದ ಕೂಸಿಗೂ ವಿನಾಯಿತಿಯಿಲ್ಲ. "ಟೋಪಿ ತೆಗೀರಿ ಸ್ವಾಮಿ, ಟೋಪಿ ಎಣಿಸೋಕೆ ನಾನಿಲ್ಲಿ ಕೂತಿಲ್ಲ," ಎಂದು ಗದರುತ್ತಾನೆ. ಮೇಲಧಿಕಾರಿ ಬಂದರೂ ಅವರೊಂದು ತಲೆ, ಅಷ್ಟೆ. ಮನೆಯಲ್ಲೂ ಇದೇ ಗೀಳು: ಊಟಕ್ಕೆ ತಲೆ ಎಣಿಸಿಯೇ ತಟ್ಟೆ ಹಾಕುತ್ತಾನೆ, ದಿನವೂ ಒಂದು ಕಡಿಮೆ ಬೀಳುತ್ತದೆ. "ನಿಮ್ಮನ್ನೇ ಬಿಟ್ಬಿಟ್ರಲ್ಲ ಮಾವ," ಎಂದು ನಗುತ್ತ ಸೊಸೆ ಇನ್ನೊಂದು ತರುತ್ತಾಳೆ. ಮೊನ್ನೆ ಐದು ಜನರ ಸಂಸಾರವೊಂದು ಮೇಲೆ ಹತ್ತಿ ಬಂದಾಗ ಪುಟ್ಟ ಹುಡುಗಿ ತಾನೇ ಬೆರಳು ಮಡಚಿ ಎಣಿಸಿ, "ತಾತ, ನೀವೂ ಸೇರಿ ಆರು!" ಎಂದಳು. ಅವನು ಆ ಆರನೆಯ ಬೆರಳನ್ನು ಮೆಲ್ಲಗೆ ಬಿಡಿಸಿದ. "ನನ್ನನ್ನ ಸೇರಿಸ್ಬೇಡ ಕಂದಾ," ಎಂದವನು, ಅವಳ ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿದ: "ಕೆಳಗೆ ಬೆಂಕಿ ಬಿದ್ದ ದಿನ ಹನ್ನೊಂದು ಜನ ಇಳಿದಿದ್ರು. ನಾನು ಇಲ್ಲೇ ಮೇಲಿದ್ದೆ. ಹೊಗೇಲಿ ಹನ್ನೊಂದು ತಲೆ ಎಣಿಸಿ, ಎಲ್ಲಾ ಬಂದ್ರು ಅಂತ ಬಾಗಿಲು ಹಾಕ್ದೆ. ಆ ಹನ್ನೊಂದರಲ್ಲಿ ಒಂದು ನಂದು."