ವಿಮಾನದ ಟೈಮ್ ಕೀಪರಿಗೆ ಶಾಲೆ ಯಾವುದು?

ಮೂಡುಬಿದಿರೆ ಬಸ್ ಸ್ಟ್ಯಾಂಡಿನಿಂದ ಬೆಳಿಗ್ಗೆ ಎಂಟು ಹನ್ನೆರಡಕ್ಕೆ ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ ಒಂದು ಬಸ್ಸಿದೆ. ಹದಿನಾಲ್ಕು ವರ್ಷಗಳಿಂದ ನಾನು ಅದರಲ್ಲೇ ಕಚೇರಿಗೆ ಹೋಗುವುದು. ಅಷ್ಟೂ ವರ್ಷಗಳಲ್ಲಿ ಅದು ಎಂಟು ಹದಿಮೂರಕ್ಕೆ ಹೊರಟದ್ದನ್ನು ನಾನು ನೋಡಿಲ್ಲ. ಒಮ್ಮೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದೆ. ನನ್ನ ಕಣ್ಣೆದುರೇ ಸೀಟಿ ಊದಿ ಬಸ್ಸನ್ನು ಕಳಿಸಿಬಿಟ್ಟ ಮಹಾನುಭಾವರು ಮುಂಡಪ್ಪ ಶೆಟ್ಟರು. ನಮ್ಮ ಪಕ್ಕದ ಮನೆಯವರೇ! ಅರ್ಧ ನಿಮಿಷ ಕಾದಿದ್ದರೆ ಏನು ಗಂಟು ಹೋಗುತ್ತಿತ್ತು? ಆ ಕೋಪ ಈಗಲೂ ನನಗೆ ಪೂರ್ತಿ ಇಳಿದಿಲ್ಲ.

ಶೆಟ್ಟರು ಆ ಸ್ಟ್ಯಾಂಡಿನ ಟೈಮ್ ಕೀಪರ್. ನಮ್ಮದು ಖಾಸಗಿ ಬಸ್ಸುಗಳ ಊರು. ಒಂದೇ ದಾರಿಯಲ್ಲಿ ನಾಲ್ಕು ಮಾಲಕರ ಬಸ್ಸು, ಒಂದಕ್ಕೂ ಇನ್ನೊಂದಕ್ಕೂ ಐದಾರು ನಿಮಿಷದ ಅಂತರ. ಮುಂದಿನ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನದಕ್ಕೆ ಸಿಗಬೇಕಾದ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಆಮೇಲೆ ಕಂಡಕ್ಟರುಗಳು ಪರಸ್ಪರ ಅಂಗಿ ಹಿಡಿಯುವುದೊಂದು ಬಾಕಿ. ಅವರ ನಡುವೆ ಸೀಟಿ ಕಚ್ಚಿಕೊಂಡು, ಎಡಗೈಯ ವಾಚು ನೋಡುತ್ತ ಶೆಟ್ಟರು ನಿಂತಿರುತ್ತಾರೆ. ಯಾವ ಕಂಡಕ್ಟರನ ಮಾತನ್ನೂ ಅವರು ನಂಬುವವರಲ್ಲ. ಬಸ್ಸು ಹೊರಟ ಮೇಲೆ ಸಿದ್ಧಕಟ್ಟೆಯಲ್ಲಿ ಅಂಗಡಿ ಇಟ್ಟಿರುವ ಸೇಸಮ್ಮನಿಗೆ ಫೋನ್ ಮಾಡಿ, "ಮುಟ್ಟಿತಾ?" ಎಂದು ಕೇಳುತ್ತಾರೆ. ಸೇಸಮ್ಮ ಹೇಳಿದ ಸಮಯವೇ ಅವರ ಪುಸ್ತಕಕ್ಕೆ ಏರುವುದು.

ಶೆಟ್ಟರ ಮಗಳು ಸುರಕ್ಷಾ ಭೌತಶಾಸ್ತ್ರ, ಗಣಿತ ಓದಿ ಬಿಎಸ್ಸಿ ಮುಗಿಸಿದವಳು. ಬೆಳ್ತಂಗಡಿಯ ಒಂದು ಪಿಯು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಒಂದು ಸಂಜೆ ಅವಳು ಮೊಬೈಲಿನಲ್ಲಿ ಆಕಾಶದ ವಿಮಾನಗಳನ್ನು ತೋರಿಸುವ ಆ್ಯಪ್ ನೋಡುತ್ತಿದ್ದಳು. ಶೆಟ್ಟರು ಇಣುಕಿದರು. ಚಾರ್ಮಾಡಿ ಘಾಟಿಯ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನವೊಂದು ಹರಿದಾಡುತ್ತಿತ್ತು.

"ಇದು ಎಲ್ಲಿಗೆ?"

"ಬೆಂಗಳೂರಿಂದ ದುಬೈಗೆ, ಪಪ್ಪ."

"ಹಿಂದೆ ಇನ್ನೊಂದು ಬರ್ತಾ ಉಂಟಲ್ಲ! ಓವರ್‌ಟೇಕ್ ಮಾಡಿದರೆ?"

"ಮಾಡ್ಲಿಕ್ಕೆ ಬಿಡುವುದಿಲ್ಲ. ಕೆಳಗೆ ಕೂತವರು ಹೇಳ್ತಾರೆ, ನೀನು ಇಷ್ಟು ಎತ್ತರದಲ್ಲಿ ಇರು, ನೀನು ಸ್ವಲ್ಪ ನಿಧಾನ ಮಾಡು ಅಂತ. ಒಂದರ ಮೇಲೆ ಒಂದು ಹೋಗುವುದಾದರೆ ನಡುವೆ ಸಾವಿರ ಅಡಿ ಅಂತರ ಬೇಕು. ನನಗೆ ಆ ಕೆಲಸ ಬೇಕು ಪಪ್ಪ."

ಮೂವತ್ತು ವರ್ಷ ಸೀಟಿ ಊದಿ ಬಸ್ಸು ಕಳಿಸಿದ ಮನುಷ್ಯನಿಗೆ ಆ ರಾತ್ರಿ ಊಟ ರುಚಿಸಲಿಲ್ಲವಂತೆ. ದುಃಖದಿಂದಲ್ಲ, ಕುತೂಹಲದಿಂದ. ಮೋಡ ಕವಿದರೆ ಹೇಗೆ ನೋಡುತ್ತಾರೆ? ಪೈಲಟ್ ಮಾತು ಕೇಳದಿದ್ದರೆ? ಎರಡು ಬಸ್ಸಿನವರು ಜಗಳ ಆಡಿದರೆ ನಾನು ನಡುವೆ ಹೋಗಿ ನಿಲ್ಲುತ್ತೇನೆ, ಅಲ್ಲಿ ನಡುವೆ ಹೋಗಿ ನಿಲ್ಲುವವರು ಯಾರು? ಮರುದಿನದಿಂದ ನನ್ನನ್ನೂ ಬಿಡಲಿಲ್ಲ. ಎಂಟು ಹನ್ನೆರಡರ ವರೆಗೆ ನಾನು ವಿಮಾನದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕಂದಾಯದ ಕಡತ ಬಿಟ್ಟು ನನಗೆ ಗೊತ್ತಿರುವುದಾದರೂ ಏನು?

ಮುಂದಿನದು ಶಾಲೆಯ ಪ್ರಶ್ನೆ. ಶೆಟ್ಟರ ಲೆಕ್ಕದಲ್ಲಿ ಎಲ್ಲವೂ ಬಸ್ಸಿನ ಹಾಗೆ. ಡ್ರೈವರ್ ಆಗಬೇಕಾದರೆ ಮೊದಲು ಡ್ರೈವಿಂಗ್ ಸ್ಕೂಲು, ಆಮೇಲೆ ಲೈಸೆನ್ಸ್, ಬ್ಯಾಡ್ಜ್, ಕೊನೆಗೆ ಮಾಲಕರ ಮನೆ ಬಾಗಿಲು. ವಿಮಾನಕ್ಕೂ ಹಾಗೆಯೇ ಇರಬೇಕೆಂದು ಅವರು ಮೂರು ಸಂಸ್ಥೆಗಳ ಬಣ್ಣಬಣ್ಣದ ಪುಸ್ತಿಕೆ ತರಿಸಿದರು. ಮೂರರಲ್ಲೂ ವಿಮಾನಗಳಿಗೆ ದಾರಿ ಹೇಳುವವರು ಕೂರುವ ಗೋಪುರದ ಚಿತ್ರ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಗುವ ಹುಡುಗಿ, ಒಂದು ವರ್ಷದ ಕೋರ್ಸು. ಸುರಕ್ಷಾ, "ನಿಮಗೆ ಸರಿ ಕಂಡದ್ದಕ್ಕೆ ಸೇರ್ತೇನೆ" ಎಂದಳು.

ಆಯ್ಕೆಗೆ ಅವರು ಅನುಸರಿಸಿದ ವಿಧಾನವನ್ನು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ. ರಜೆ ಹಾಕಿ ಮಂಗಳೂರಿಗೆ ಹೋಗಿ, ಒಂದು ಸಂಸ್ಥೆಯ ಎದುರು ಜ್ಯೂಸಿನಂಗಡಿಯಲ್ಲಿ ಕುಳಿತು ಅದರ ಬಾಗಿಲನ್ನೇ ನೋಡಿದರು. ಬೋರ್ಡಿನಲ್ಲಿ ಒಂಬತ್ತೂವರೆಗೆ ಕ್ಲಾಸು ಎಂದಿತ್ತು. ಒಂಬತ್ತೂವರೆಗೆ ಸರಿಯಾಗಿ ಬಾಗಿಲು ಮುಚ್ಚಿತು. ಮಧ್ಯಾಹ್ನದ ಬಿಡುವಿಗೂ ಒಂದು ನಿಮಿಷ ಆಚೀಚೆ ಇಲ್ಲ. ಶೆಟ್ಟರು ಅಲ್ಲೇ ತೀರ್ಮಾನಿಸಿಬಿಟ್ಟರು.

"ಪಕ್ಕಾ ಜನ, ಮೇಡಂ. ಶುಕ್ರವಾರ ಸೇರಿಸುವುದು. ಅವಳು ಕಾಲೇಜಿಗೆ ರಾಜೀನಾಮೆ ಬರೆದೂ ಆಯಿತು" ಎಂದು ಸೋಮವಾರ ಬೆಳಿಗ್ಗೆ ನನಗೆ ಹೇಳಿದರು.

ಹಳೆಯ ಚಪ್ಪಲಿ ಓಟದ ಸಿಟ್ಟು ಎಲ್ಲಿತ್ತೋ, ಕೆಣಕಿಯೇಬಿಟ್ಟೆ. "ಅಲ್ಲ ಶೆಟ್ರೇ, ಬಸ್ಸು ಟೈಮಿಗೆ ಹೊರಟರೂ ನೀವು ಸೇಸಮ್ಮನಿಗೆ ಫೋನ್ ಮಾಡದೆ ಬಿಡುವುದಿಲ್ಲ. ಈ ಶಾಲೆಯಿಂದ ಹೊರಟವರು ಗೋಪುರಕ್ಕೆ ಮುಟ್ಟಿದ್ದಾರಾ ಅಂತ ಯಾರಿಗೆ ಫೋನ್ ಮಾಡಿದಿರಿ?"

ಅವರು ಸೀಟಿಯನ್ನು ಬಾಯಿಂದ ತೆಗೆದರು. ಮುಖ ಚಿಕ್ಕದಾಯಿತು. ನಾನು ಅಷ್ಟು ಖಾರವಾಗಿ ಕೇಳಬಾರದಿತ್ತು ಎಂದು ಬಂಟ್ವಾಳ ಮುಟ್ಟುವವರೆಗೂ ಅನ್ನಿಸುತ್ತಿತ್ತು.

ಶೆಟ್ಟರು ಮಾತ್ರ ಸುಮ್ಮನೆ ಕೂರಲಿಲ್ಲ. ಸಂಸ್ಥೆಗೆ ಫೋನ್ ಮಾಡಿ, ನಿಮ್ಮಲ್ಲಿ ಕಲಿತು ಗೋಪುರದಲ್ಲಿ ಕೂತವರ ಒಂದು ಹೆಸರು ಕೊಡಿ ಎಂದು ಕೇಳಿದರು. "ತುಂಬಾ ಜನ ಇದ್ದಾರೆ ಸಾರ್" ಎಂಬ ಉತ್ತರ ಬಂತು. ಹೆಸರು ಬರಲಿಲ್ಲ. ಆಗ ಅವರು ಸ್ಟ್ಯಾಂಡಿಗೆ ಬಂದ ಒಂದೊಂದು ಬಸ್ಸಿನ ಕಂಡಕ್ಟರನಿಗೂ ಒಂದೇ ಮಾತು ಹೇಳಿ ಕಳಿಸಿದರು: ನಿಮ್ಮ ದಾರಿಯಲ್ಲಿ ಯಾರ ಮನೆಯವರಾದರೂ ವಿಮಾನ ನಿಲ್ದಾಣದ ಗೋಪುರದಲ್ಲಿ ಕೆಲಸಕ್ಕೆ ಇದ್ದಾರಾ, ವಿಚಾರಿಸಿ. ಬಂಟ್ವಾಳದ ಬಸ್ಸಿನವರು ಮಾಣಿಯವರೆಗೆ ವಿಚಾರಿಸಿದರು, ಯಾರೂ ಸಿಗಲಿಲ್ಲ. ಬುಧವಾರ ಬೆಳಿಗ್ಗೆ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್, ಕಕ್ಕಿಂಜೆಯ ಅನ್ಸಾಫ್, ಬಾಗಿಲಲ್ಲಿ ನೇತಾಡುತ್ತಲೇ ಕೂಗಿದ: "ಶೆಟ್ರೇ, ಸಿಕ್ಕಿದರು! ವೇಣೂರಿನ ಮುನಿರಾಜ ಜೈನರ ಸೊಸೆ. ಹೈದರಾಬಾದಿನಲ್ಲಿ ಅದೇ ಕೆಲಸ. ಈಗ ರಜೆಯಲ್ಲಿ ಊರಲ್ಲಿದ್ದಾರೆ, ಹೋಗುವ!"

ಅದೇ ಬಸ್ಸಿನಲ್ಲಿ ಶೆಟ್ಟರು ವೇಣೂರಿಗೆ ಹೋದರು. ಸೊಸೆ ಸಾಧನಾ ಮಜ್ಜಿಗೆ ಕೊಟ್ಟು ಕೂರಿಸಿದಳು. ಶೆಟ್ಟರು ಮೊದಲು ಕೇಳಿದ್ದು ಶಾಲೆಯ ವಿಷಯವನ್ನಲ್ಲ, ಪೈಲಟ್ ಮಾತು ಕೇಳದಿದ್ದರೆ ಏನು ಮಾಡುತ್ತೀರಿ ಎಂದು. ಅವಳು ನಕ್ಕು ಮುಕ್ಕಾಲು ಗಂಟೆ ವಿವರಿಸಿದಳಂತೆ. ಆಮೇಲೆ ಪುಸ್ತಿಕೆ ತೆರೆದಾಗ ಅವಳ ನಗು ನಿಂತಿತು.

"ಅಂಕಲ್, ನಮ್ಮಲ್ಲಿ ಇದು ಉಲ್ಟಾ. ಮೊದಲು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಪಾಸಾಗಬೇಕು. ಆಯ್ಕೆ ಆದವರಿಗೆ ಅವರೇ ತರಬೇತಿ ಕೊಡ್ತಾರೆ. ನನ್ನದು ಪ್ರಯಾಗ್‌ರಾಜ್‌ನಲ್ಲಿ ಆದದ್ದು. ಹೊರಗಿನ ಶಾಲೆಯ ಸರ್ಟಿಫಿಕೇಟ್ ಅಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಮಗಳ ಬಿಎಸ್ಸಿ ಸಾಕು. ಅವಳಿಗೆ ಎಷ್ಟು ವರ್ಷ?"

"ಇಪ್ಪತ್ತಾರು. ಬರುವ ಜನವರಿಗೆ ಇಪ್ಪತ್ತೇಳು ತುಂಬ್ತದೆ."

"ಅಯ್ಯೋ! ಇಪ್ಪತ್ತೇಳರ ಮೇಲೆ ತೆಗೊಳ್ಳುವುದಿಲ್ಲ. ಈಗ ಅರ್ಜಿ ಕರೆದಿದ್ದಾರೆ, ಶುಕ್ರವಾರ ಕೊನೆಯ ದಿನ. ಇನ್ನೊಂದು ಸಲ ಕರೆಯುವಾಗ ಅವಳ ವಯಸ್ಸು ದಾಟಿರಬಹುದು."

ಶುಕ್ರವಾರವೇ ಅವಳು ಶಾಲೆಗೆ ಸೇರಬೇಕಿದ್ದದ್ದು. ಮಜ್ಜಿಗೆ ಅಷ್ಟಕ್ಕೇ ಬಿಟ್ಟು ಶೆಟ್ಟರು ಎದ್ದರು.

ಮುಂದಿನದನ್ನು ನನಗೆ ಹೇಳಿದವರು ಅವರ ಹೆಂಡತಿ ಸ್ವರ್ಣಲತಕ್ಕ. ಸಂಜೆ ಮಗಳು ಚೀಲ ಕೆಳಗಿಡುವ ಮೊದಲೇ ಶೆಟ್ಟರು ಎಲ್ಲವನ್ನೂ ಹೇಳಿ, "ನನ್ನಿಂದ ನಿನ್ನ ಒಂದು ವರ್ಷ ಹಾಳಾಗ್ತಿತ್ತು ಮಗಾ. ನನಗೆ ಬಸ್ಸು ಬಿಟ್ಟು ಬೇರೆ ಗೊತ್ತಿಲ್ಲ" ಎಂದರು.

ಸುರಕ್ಷಾ ಚೀಲ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ನನಗೆ ಗೊತ್ತಿತ್ತು ಪಪ್ಪ" ಎಂದಳು.

"ಎಂತದು?"

"ಪರೀಕ್ಷೆ ಉಂಟು ಅಂತ ಗೊತ್ತಿತ್ತು. ಕಳೆದ ಸಲ ಬರೆದಿದ್ದೆ. ಗೆಳತಿಯ ಮದುವೆ ಅಂತ ಸುಳ್ಳು ಹೇಳಿ ಬೆಂಗಳೂರಿಗೆ ಹೋದೆನಲ್ಲ, ಅದಕ್ಕೇ. ಆಗಲಿಲ್ಲ. ಇನ್ನೊಮ್ಮೆ ಬರೆದು ಇನ್ನೊಮ್ಮೆ ಬಿದ್ದರೆ ಮುಗಿಯಿತು. ಶಾಲೆಗೆ ಸೇರಿದರೆ ಒಂದು ವರ್ಷ ಯಾರೂ ಏನೂ ಕೇಳುವುದಿಲ್ಲ ಅಲ್ವಾ? ಅಷ್ಟರಲ್ಲಿ ವಯಸ್ಸೂ ದಾಟ್ತದೆ. ಆಗ ಬಿದ್ದೆ ಅಂತ ಹೇಳಬೇಕಾಗಿಲ್ಲ, ವಯಸ್ಸಾಯಿತು ಅಂತ ಹೇಳಬಹುದು."

ಸ್ವರ್ಣಲತಕ್ಕ, ಗಂಡ ಈಗ ಕಿರುಚುತ್ತಾರೆ ಎಂದೇ ಅಂದುಕೊಂಡರು. ಸ್ಟ್ಯಾಂಡಿನಲ್ಲಿ ಸುಳ್ಳು ಸಮಯ ಹೇಳಿದ ಕಂಡಕ್ಟರನಿಗೆ ಈ ಮನುಷ್ಯ ಮೂರು ದಿನ ಮುಖ ಕೊಡುವುದಿಲ್ಲ. ಶೆಟ್ಟರು ಕಿರುಚಲಿಲ್ಲ. ಕುರ್ಚಿ ಎಳೆದು ಮಗಳ ಎದುರು ಕೂತು ಕೇಳಿದರು:

"ಎಷ್ಟಕ್ಕೆ ತಪ್ಪಿತು?"

"ನಾಲ್ಕು ಮಾರ್ಕು."

"ಯಾವುದರಲ್ಲಿ ಹೋಯಿತು?"

"ಗಣಿತದಲ್ಲಿ. ಸಂಭವನೀಯತೆ ಅಂತ ಒಂದು ಪಾಠ ಉಂಟು. ನನಗೆ ಅದರಲ್ಲಿ ಹೆದರಿಕೆ."

"ಅದು ಎಂತ, ಹೇಳು ನೋಡುವ. ನನಗೆ ಅರ್ಥ ಆಗುವವರೆಗೆ ಹೇಳು."

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ತಂದೆಗೆ ಅವಳು ಎರಡು ದಾಳಗಳ ಲೆಕ್ಕ ಹೇಳತೊಡಗಿದಳು. ಅವರು ಬಿಡದೆ ಪ್ರಶ್ನೆ ಕೇಳಿದರು. ಒಂದು ಕಡೆ ಅವಳೇ ಸಿಕ್ಕಿಬಿದ್ದಳು, ಕಾಗದದಲ್ಲಿ ಹೊಡೆದು ಹಾಕಿ ಮೊದಲಿಂದ ಮಾಡಿದಳು. ಲೆಕ್ಕ ಸರಿಬಂದಾಗ ಅವಳು ಅಳುತ್ತಿದ್ದಳು, ಆದರೂ ಪೆನ್ನು ಕೆಳಗಿಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಅರ್ಜಿ ಹೋಯಿತು. ರಾಜೀನಾಮೆ ಪತ್ರ ಹರಿದು ಒಲೆಗೆ ಹೋಯಿತು. ಪರೀಕ್ಷೆಗೆ ಇನ್ನು ಆರು ವಾರ ಇದೆ. ಆಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆಗಲಿ ಎಂದು ಮನಸ್ಸಾರೆ ಬಯಸುತ್ತೇನೆ. ಮೊನ್ನೆ ಸಂಜೆ ಬೇಲಿಯಾಚೆ ನಿಂತು ಸುರಕ್ಷಾಳನ್ನು ಕೇಳಿದೆ, ಈ ಸಲವೂ ಬಿದ್ದರೆ ಹೆದರಿಕೆ ಇಲ್ಲವಾ ಎಂದು.

"ಹೆದರಿಕೆ ಉಂಟು ಆಂಟಿ" ಎಂದಳು. "ಆದರೆ ಈ ಸಲ ಬಿದ್ದರೆ ಮನೆಗೆ ಬಂದು ಹೇಳಬಹುದು."