ಗದಿಗೆವ್ವನ ರೇಡಿಯೋದ ಗೊರಗೊರ

ಬೆಟಗೇರಿಯಲ್ಲಿ ಸೋಲಾರ್ ಪಂಪಿನ ಕಂಟ್ರೋಲ್ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯೊಂದಿದೆ. ಆ ಪೆಟ್ಟಿಗೆಗಳಿಗೆ ಒಂದು ಕೆಟ್ಟ ಚಾಳಿ. ಒಳಗಿನ ವಿದ್ಯುತ್ ಗದ್ದಲ ತಂತಿಗುಂಟ ಹೊರಬಿದ್ದು ಹತ್ತಿರದ ರೇಡಿಯೋವನ್ನು ಗೊರಗೊರ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಸೆನ್ಸರ್ ಕೂಡ ಮೋಸಹೋಗಿ, ಬೋರಿನಲ್ಲಿ ನೀರಿದ್ದರೂ ಇಲ್ಲವೆಂದು ಪಂಪು ನಿಲ್ಲಿಸಿಬಿಡುತ್ತಿತ್ತು. ಆಗ ಮುಳಗುಂದದಿಂದಲೋ ಯಳವತ್ತಿಯಿಂದಲೋ ಫೋನು: "ಅಶ್ಫಾಕಭಾಯ್, ಜಲ್ದಿ ಬರ್ರಿ!"

ಕಾರ್ಖಾನೆಯ ರಿಪೇರಿ ಕೆಲಸದ ಅಶ್ಫಾಕ ಬೈಕೇರಿ ಹೋಗುತ್ತಿದ್ದ. ತಂತಿ ಅತ್ತಿತ್ತ ಸರಿಸಿ ಪಂಪು ಶುರು ಮಾಡಿದರೆ ಮಂದಿ ಅವನಿಗೆ ಮಣೆ ಹಾಕಿ ಚಹಾ ಕೊಡುತ್ತಿದ್ದರು. ಆ ದೊಡ್ಡಸ್ತಿಕೆ ಅವನಿಗೆ ಸಾಕಾಗಿತ್ತು, ವಾಣಿಶ್ರೀ ಬರುವ ತನಕ.

ಗದ್ದಲ ಅಡಗಿಸಲು ಕಾರ್ಖಾನೆ ಇಂಜಿನಿಯರಿಂಗ್ ಕಾಲೇಜಿನ ಜೊತೆ ಕೈಜೋಡಿಸಿತು. ಅಲ್ಲಿಯ ಲೆಕ್ಚರರ್ ವಾಣಿಶ್ರೀ ಹೊಸ ಫಿಲ್ಟರ್ ಮಾಡಿಕೊಂಡು ಬಂದಳು. ಡಿಪ್ಲೊಮಾದಲ್ಲಿ ಇಬ್ಬರದೂ ಒಂದೇ ಕ್ಲಾಸು, ಫಸ್ಟ್ ಬಂದವನು ಅಶ್ಫಾಕ. ಮನೆಯ ಹೊಣೆ ಹೆಗಲಿಗೆ ಬಿದ್ದು ಅವನ ಓದು ಅಲ್ಲಿಗೇ ನಿಂತಿತು, ಆಕೆಯದು ಮುಂದೆ ಹೋಯಿತು. ಈಗ ಮಾಲೀಕರು ಆಕೆಗೆ ಕುರ್ಚಿ ಎಳೆದುಕೊಟ್ಟು, "ಅಶ್ಫಾಕ, ಮೇಡಂಗೆ ಚಾ ತರಸಪಾ" ಅಂದರೆ ಅವನ ಹೊಟ್ಟೆ ಉರಿಯುತ್ತಿತ್ತು. ಆಕೆ ಕೆಟ್ಟವಳಾಗಿದ್ದರೆ ಮನಸಾರೆ ಬೈಯಬಹುದಿತ್ತು, ಹಾಳಾದ್ದು ಅದೂ ಇಲ್ಲ. ಫಿಲ್ಟರ್ ಗೆದ್ದರೆ ತನ್ನನ್ನು ಕರೆಯುವವರೇ ಇರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಹಿರೇಹಂದಿಗೋಳದ ಗದಿಗೆವ್ವನ ಹೊಲದಲ್ಲಿ ಮೊದಲ ಪರೀಕ್ಷೆ. ಫಿಲ್ಟರ್ ಕೂರಿಸಿ ಪೆಟ್ಟಿಗೆ ಕಟ್ಟುವ ಕೆಲಸ ಅಶ್ಫಾಕನದು. ಫಿಲ್ಟರ್ ಹಿಡಿದ ಗದ್ದಲ ನೆಲಕ್ಕಿಳಿಯುವುದು ಅರ್ಥಿಂಗ್ ತಂತಿಯಿಂದ. ವಾಣಿಶ್ರೀ ಆಚೆ ಹೋಗಿದ್ದಾಗ ಅವನು ಆ ತಂತಿಯ ಸ್ಕ್ರೂ ಸಡಿಲಿಸಿ, ತಂತಿಯನ್ನು ತುಸು ಹೊರಗೆಳೆದು, ಏನೂ ಅರಿಯದವನಂತೆ ಮುಚ್ಚಳ ಹಾಕಿದ.

ಪಂಪು ಶುರುವಾಯಿತು. ಗದಿಗೆವ್ವನ ರೇಡಿಯೋ ಗೊರಗೊರ ಅಂದಿತು.

"ಇದೂ ಹಂಗ ಐತಲ್ಲವ್ವಾ!" ಅಂದಳು ಗದಿಗೆವ್ವ.

ವಾಣಿಶ್ರೀಯ ಮುಖ ಸಣ್ಣದಾಯಿತು. "ಮುಚ್ಚಳಾ ತಗೀಲೇನ್ರಿ, ಮೇಡಂ?" ಅಶ್ಫಾಕ ಬಾಯುಪಚಾರಕ್ಕೆ ಕೇಳಿದ.

"ಬ್ಯಾಡ ಬಿಡೋ. ನೀ ಕಟ್ಟಿದ್ದರಾಗ ತಪ್ಪು ಇರೂದಿಲ್ಲ. ಕ್ಲಾಸಿನ್ಯಾಗ ನಿಂದ ನೋಡೇ ನಾ ತಿದ್ಕೋತಿದ್ದೆ. ನನ್ನ ಡಿಸೈನ ಖೊಟ್ಟಿ." ಇದನ್ನು ಕೈಬಿಡೋಣ ಎಂದು ಹೇಳಲು ಆಕೆ ಕಾಲೇಜಿಗೆ ಫೋನ್ ಹಚ್ಚತೊಡಗಿದಳು.

ಬೇಕಾದದ್ದು ಕೈಗೆ ಬಂದಿತ್ತು, ಕುಣಿಯಬೇಕಿತ್ತು ಅವನು. ಆದರೆ ತಪ್ಪೇ ಮಾಡದವನೆಂದು ಆಕೆ ನಂಬಿದ್ದ ಆ ಇನ್ನೊಬ್ಬ ಅಶ್ಫಾಕನನ್ನು ಕಂಡು ಅವನಿಗೆ ಎಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು. ತಾನು ಅವನಾಗಿರಬೇಕಿತ್ತು.

"ಫೋನ್ ಇಡ್ರಿ," ಅಂದ. ಪಂಪು ಬಂದ್ ಮಾಡಿ, ಮುಚ್ಚಳ ತೆಗೆದು, ತಂತಿ ಕೂರಿಸಿ ಸ್ಕ್ರೂ ಬಿಗಿದ. ಮತ್ತೆ ಪಂಪು ಶುರುವಾದಾಗ ರೇಡಿಯೋದವರ ಮಾತು ತಿಳಿಯಾಗಿ ಕೇಳಿತು.

"ಚಲೋ ಆತು!" ಗದಿಗೆವ್ವ ನಕ್ಕಳು. "ಇನ್ನ ಅಶ್ಫಾಕನ್ನ ಕರಿಯೂ ಪಜೀತಿ ತಪ್ಪಿತು."

ವಾಣಿಶ್ರೀ ನಗಲಿಲ್ಲ. ಅವನ ಕೈಯ ಸ್ಕ್ರೂಡ್ರೈವರನ್ನೇ ನೋಡುತ್ತಿದ್ದಳು. "ಸಡ್ಲ ಇತ್ತೋ, ನೀ ಸಡ್ಲ ಮಾಡಿದ್ಯೋ?"

"ನಾನ ಮಾಡಿದ್ದೆರಿ."

ಆಕೆ ಬೈಯಲಿಲ್ಲ, ಮಾಲೀಕರಿಗೆ ಚಾಡಿಯನ್ನೂ ಹೇಳಲಿಲ್ಲ.

ಮುಂದಿನ ವಾರ ಮುಳಗುಂದದ ಹೊಲದಲ್ಲಿ ಅಶ್ಫಾಕ ಎಲ್ಲವನ್ನೂ ಕಟ್ಟಿ, ಅರ್ಥಿಂಗ್ ಸ್ಕ್ರೂ ಎರಡೆರಡು ಸಲ ಬಿಗಿದು ಮುಚ್ಚಳ ಹಾಕಿದ. ವಾಣಿಶ್ರೀ ಬಂದು ಮುಚ್ಚಳ ತೆಗೆಸಿದಳು. ಅವನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಆ ಸ್ಕ್ರೂವನ್ನು ತಾನೇ ತಿರುಗಿಸಿ ನೋಡಿದಳು.