ಎಡಗಡೆ ಸೀಟಿನ ಪೆಡಲು

ಕಾರು ಕಲಿಯಲು ಸೇರಿದ ಮೊದಲ ಎಂಟು ದಿನ ರೇಣುಕಾಪ್ರಸಾದ್ ತಾನು ಹುಟ್ಟಾ ಡ್ರೈವರ್ ಎಂದೇ ನಂಬಿದ್ದ. ನರಸಿಂಹರಾಜಪುರದ ಪೇಟೆಯಲ್ಲಿ ದನ ಅಡ್ಡ ಬಂದರೆ ಕಾರು ನಾಜೂಕಾಗಿ ನಿಲ್ಲುತ್ತಿತ್ತು. ಗೇರು ಬದಲಿಸಿದರೆ ಸದ್ದೇ ಇರಲಿಲ್ಲ. “ಅದೇನೋ ಅಮ್ಮ, ನನ್ನ ಕಾಲಿಗೆ ಒಲಿದುಬಿಟ್ಟಿದೆ” ಎಂದು ತಾಯಿ ಶಂಕರಮ್ಮನ ಹತ್ತಿರ ಹೇಳಿಕೊಂಡೂ ಆಗಿತ್ತು. ಎಡಗಡೆ ಸೀಟಿನಲ್ಲಿ ಕೂರುವ ಮೇಷ್ಟ್ರು ಶಾಂತವೀರಪ್ಪನವರ ಕಾಲಡಿಯಲ್ಲೂ ಎರಡು ಪೆಡಲು ಇದ್ದದ್ದನ್ನು ಅವನು ನೋಡದೆ ಇರಲಿಲ್ಲ. ವಯಸ್ಸಾದವರು, ಕಾಲು ಊರಿಕೊಳ್ಳಲು ಮಾಡಿಸಿಕೊಂಡಿರಬೇಕು ಎಂದುಕೊಂಡಿದ್ದ.

ಒಂಬತ್ತನೆಯ ದಿನ ಮೇಷ್ಟ್ರು, “ಇವತ್ತು ನಾನು ಏನೂ ಮುಟ್ಟಲ್ಲ, ನೀನೇ ಓಡಿಸು” ಎಂದರು. ಕಾರು ನಾಲ್ಕು ಸಲ ಕಪ್ಪೆಯ ಹಾಗೆ ಕುಪ್ಪಳಿಸಿ ಮೈದಾನದ ಕಾಂಪೌಂಡಿಗೆ ಮೂತಿ ಇಟ್ಟಿತು. ಎಂಟು ದಿನ ಓಡಿಸಿದವರು ಯಾರು ಎನ್ನುವುದು ಆಗ ತಿಳಿಯಿತು.

“ಎರಡು ಕ್ಲಚ್ಚಿಗೂ ಒಂದೇ ಸರಳು ಕಣೋ. ನಾನು ಒತ್ತಿದ್ರೆ ನಿಂದೂ ಕೆಳಗೆ ಹೋಗುತ್ತೆ. ಅಷ್ಟೂ ಗೊತ್ತಾಗ್ಲಿಲ್ಲ ಅಂದ್ರೆ ಗೊಬ್ಬರದ ಮೂಟೆಗೂ ನಿನಗೂ ಎಂತ ವ್ಯತ್ಯಾಸ?” ಎಂದರು ಶಾಂತವೀರಪ್ಪ.

ಗೊಬ್ಬರದ ಮೂಟೆಯ ಮಾತು ನೆಟ್ಟಗೆ ನಾಟಿತು. ಏಕೆಂದರೆ ಅವನ ಕೆಲಸವೇ ಅದು: ಪರಮೇಶ್ವರಪ್ಪನವರ ಗೊಬ್ಬರದ ಅಂಗಡಿಯಲ್ಲಿ ಮೂಟೆ ಹೊರುವುದು. ಆ ವರ್ಷ, ಎರಡು ಸಾವಿರದ ಐದರಲ್ಲಿ, ಸಾಹುಕಾರರು ಹೊಸ ಪಿಕಪ್ ತಂದಿದ್ದರು. ಈ ತಿಂಗಳ ಆರ್‌ಟಿಒ ಕ್ಯಾಂಪಿನಲ್ಲಿ ಲೈಸೆನ್ಸ್ ಆದರೆ ಪಿಕಪ್ ನಿನಗೆ, ಇಲ್ಲದಿದ್ದರೆ ಬಾಳೆಹೊನ್ನೂರಿನ ಒಬ್ಬ ಡ್ರೈವರ್ ಕಾದು ಕೂತಿದ್ದಾನೆ ಎಂದಿದ್ದರು. ಕ್ಯಾಂಪು ಕೊಪ್ಪದಲ್ಲಿ, ಬರುವ ಗುರುವಾರ. ಟೆಸ್ಟಿಗೆ ಹೋಗಬೇಕಾದರೆ ಮೇಷ್ಟ್ರು ಫಾರಂಗೆ ಸಹಿ ಹಾಕಬೇಕು. ಮೇಷ್ಟ್ರು ಹಾಕುವುದಿಲ್ಲ ಎಂದು ಕೂತಿದ್ದರು.

ಶಾಂತವೀರಪ್ಪನವರು ಇಪ್ಪತ್ತೆರಡು ವರ್ಷ ಕೊಪ್ಪ–ಶೃಂಗೇರಿ ರಸ್ತೆಯಲ್ಲಿ ಪ್ರೈವೇಟ್ ಬಸ್ಸು ಓಡಿಸಿದವರು. ಆಮೇಲೆ ಒಂದು ಹಳೆಯ ಬಿಳಿ ಕಾರು ಕೊಂಡು ಕಲಿಸಲು ಕೂತರು. ತಾಲ್ಲೂಕಿನ ಅರ್ಧ ಸ್ಟೇರಿಂಗುಗಳು ಅವರ ಬೈಗುಳ ತಿಂದವೇ. ಹೆಡ್‌ಮಾಸ್ಟರಿಗೂ ಕತ್ತೆ ಎನ್ನುತ್ತಿದ್ದರು, ಹೋಟೆಲಿನವನು ಮರೆತು ಚಹಾಕ್ಕೆ ಸಕ್ಕರೆ ಹಾಕಿದರೆ ಲೋಟ ಅಲ್ಲೇ ಚೆಲ್ಲಿ ಎದ್ದು ಬರುತ್ತಿದ್ದರು. ಅವರ ಕಾರಿಗೆ ಚಪ್ಪಲಿ ನಿಷಿದ್ಧ. ದೇವಸ್ಥಾನದ ಹಾಗೆ ಹೊರಗೇ ಬಿಚ್ಚಿ, ಹಿಂದಿನ ಸೀಟಿನ ಕೆಳಗೆ ಇಟ್ಟು ಹತ್ತಬೇಕು. “ಕ್ಲಚ್ ಅಂಗಾಲಿಗೆ ಮಾತಾಡುತ್ತೆ. ಪೆಡಲು ಮೇಲೆ ಹುಣಸೆ ಬೀಜ ಇಟ್ರೂ ನನಗೆ ತಿಳೀಬೇಕು” ಎನ್ನುತ್ತಿದ್ದರು.

ಆದರೆ ಎರಡು ವರ್ಷದಿಂದ ಆ ಕಾರಿನ ಕ್ಲಚ್ಚು ಮೇಷ್ಟ್ರದ್ದೊಂದು ಬಿಟ್ಟು ಯಾರ ಮಾತೂ ಕೇಳುತ್ತಿರಲಿಲ್ಲ. ಒಂದು ದಿನ ಪೆಡಲನ್ನು ಸ್ವಲ್ಪ ಬಿಟ್ಟರೆ ಸಾಕು, ಹಿಡಿಯುತ್ತಿತ್ತು. ಮರುದಿನ ಪೂರ್ತಿ ಬಿಟ್ಟರೂ ಇಂಜಿನ್ನು ಬರೀ ಅರಚುತ್ತಿತ್ತು, ಏರಿನಲ್ಲಿ ಗಾಡಿ ಏಳುತ್ತಿರಲಿಲ್ಲ, ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೇಬಲ್ ಹೊಸದಾಯಿತು, ಕ್ಲಚ್ ಪ್ಲೇಟು ಎರಡು ಸಲ ಹೊಸದಾಯಿತು. ತಪ್ಪು ಮಾತ್ರ ಕಲಿಯುವವರದೇ.

“ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀಯ. ಪ್ಲೇಟು ತಿಂದು ಹಾಕ್ತಿದೀಯ. ನಿನ್ನಂಥವನ್ನ ಕ್ಯಾಂಪಿಗೆ ಕರ್ಕೊಂಡು ಹೋಗಿ ನನ್ನ ಮರ್ಯಾದೆ ಕಳ್ಕೊಳ್ಳಲಾ?”

ಸೋಮವಾರ ಇಬ್ಬರೂ ಕೊಪ್ಪದ ರಸ್ತೆಯ ಮಾರಪ್ಪನ ಗ್ಯಾರೇಜಿಗೆ ಹೋದರು. ಮಾರಪ್ಪ ಕಾರನ್ನು ಹಲಸಿನ ಮರದಡಿ ನಿಲ್ಲಿಸಿ ಕೇಬಲ್ ನೋಡಿದ, ಪೆಡಲಿನ ಸಡಿಲು ಅಳೆದ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಇಂಜಿನ್ನು ಗಕ್ಕನೆ ನಿಂತಿತು.

“ಪ್ಲೇಟು ಜಾರ್ತಿದ್ರೆ ಇಂಜಿನ್ ನಿಲ್ತಿರಲಿಲ್ಲ. ಕಚ್ಚಿ ಹಿಡೀತಿದೆ” ಎಂದ. ಒಬ್ಬನೇ ಹತ್ತಿ ಮುಂದಿನ ಏರಿಗೆ ಹೋಗಿ ತಿರುಗಿಸಿಕೊಂಡು ಬಂದ. “ಆನೆ ಹತ್ತಿದ ಹಂಗೆ ಹತ್ತುತ್ತೆ. ಕಾರಲ್ಲಿ ಎಂತದೂ ಇಲ್ಲ ಮಾರಾಯ್ರೇ. ನಿಮ್ಮ ಶಿಷ್ಯರನ್ನ ಬಿಚ್ಚಿ ನೋಡಿ.”

“ಕೇಳಿಸ್ತಾ?” ಎಂದು ಮೇಷ್ಟ್ರು ರೇಣುಕಾಪ್ರಸಾದನ ಕಡೆ ತಿರುಗಿದರು. “ಇನ್ನು ಫಾರಂ ಹಿಡ್ಕೊಂಡು ನನ್ನ ಮುಂದೆ ನಿಲ್ಲಬೇಡ.”

ವಾಪಸು ಹೊರಟಾಗ ಸ್ಟೇರಿಂಗ್ ರೇಣುಕಾಪ್ರಸಾದನದು. ಮಾರಪ್ಪ ಹತ್ತಿಸಿದ ಅದೇ ಏರು ಬಂತು. ಇಂಜಿನ್ನು ಅರಚಿತು, ಗಾಡಿ ಸೋತಿತು, ವಾಸನೆ ಎದ್ದಿತು.

“ತೆಗಿಯೋ ಕಾಲು ಕ್ಲಚ್ಚಿಂದ.”

“ತೆಗ್ದಿದೀನಿ ಸಾರ್.”

“ಬಗುಳಬೇಡ.”

ತನ್ನ ಮೇಲೆ ತನಗೇ ನಂಬಿಕೆ ಇಲ್ಲದ ರೇಣುಕಾಪ್ರಸಾದ್ ಬಗ್ಗಿ ನೋಡಿಕೊಂಡ. ಅವನ ಎಡಗಾಲು ಮ್ಯಾಟಿನ ಮೇಲಿತ್ತು. ಪೆಡಲು ಮಾತ್ರ ಯಾರೋ ಕಾಣದವರು ತುಳಿದಂತೆ ಅರ್ಧಕ್ಕೆ ಇಳಿದಿತ್ತು. ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು ಪಕ್ಕಕ್ಕೆ ನೋಡಿದ. ಮೇಷ್ಟ್ರ ಎಡಗಾಲು ಅವರ ಕ್ಲಚ್ಚಿನ ಮೇಲೆ ಭಾರ ಹಾಕಿ ಕೂತಿತ್ತು.

“ಸಾರ್, ನಿಮ್ಮ ಕಾಲು ಒತ್ತಿದೆ.”

“ನನ್ನ ಕಾಲು ನೆಲದ ಮೇಲಿದೆ” ಎಂದರು ಶಾಂತವೀರಪ್ಪ, ರಸ್ತೆಯನ್ನೇ ನೋಡುತ್ತ. “ನಿನ್ನ ತಪ್ಪು ನನ್ನ ಕಾಲಿಗೆ ಕಟ್ಟಬೇಡ. ನೀನು ಹುಟ್ಟೋಕೆ ಮುಂಚೆ ಘಾಟಿ ಇಳಿಸಿದ ಕಾಲು ಇದು.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ಮುಖದಲ್ಲೇ ಕಾಣುತ್ತಿತ್ತು; ರೇಣುಕಾಪ್ರಸಾದ್ ಮತ್ತೆ ಬಗ್ಗಿ ಅವರ ಕಾಲು ನೋಡಿದ. ಅಷ್ಟರಲ್ಲಿ ಅವನ ಹಿಮ್ಮಡಿಗೆ ಬೆಂಕಿ ಬಿದ್ದಂತಾಗಿ ಮಂಡಿ ಸ್ಟೇರಿಂಗಿಗೆ ಬಡಿಯಿತು. ಹಲಸಿನ ಮರದ ಕೆಂಪು ಚಗಳಿ ಇರುವೆಗಳು ಕಾರಿನೊಳಗೆ ಇಳಿದಿದ್ದವು. ಮೇಷ್ಟ್ರೂ “ಥೂ” ಎಂದು ಬಲಗಾಲು ಝಾಡಿಸಿ, ಬೆರಳ ಸಂದಿನಿಂದ ಒಂದನ್ನು ಹೊಸಕಿ ಹಾಕಿದರು.

ಅವರ ಎಡಗಾಲಿನ ಮೇಲೆ ಐದಾರಿದ್ದವು. ಹೆಬ್ಬೆರಳಿನ ಬುಡದಲ್ಲಿ ತಲೆ ಹೂತು, ಹಿಂಭಾಗ ಎತ್ತಿ ಕಚ್ಚಿ ಹಿಡಿದಿದ್ದವು. ಆ ಕಾಲು ಅಲುಗಲಿಲ್ಲ. ಕ್ಲಚ್ಚಿನ ಮೇಲೆ ಹಾಗೇ ಇತ್ತು.

ಬೈಸಿಕೊಳ್ಳಲು ಇನ್ನೇನೂ ಬಾಕಿ ಉಳಿದಿಲ್ಲ ಎಂಬ ಧೈರ್ಯದಲ್ಲಿ ಅವನು ಕೇಳಿದ. “ಸಾರ್, ನಿಮಗೆ ಎಡಗಾಲು ತಿಳಿಯುತ್ತಾ?”

ಶಾಂತವೀರಪ್ಪ ಬಗ್ಗಿ ನೋಡಿದರು. ಎರಡೂ ಕೈಯಿಂದ ಮೊಣಕಾಲು ಹಿಡಿದು, ಬೇರೆ ಯಾರದೋ ಸಾಮಾನು ಎತ್ತಿದಂತೆ ಆ ಕಾಲನ್ನು ಎತ್ತಿ ಪಕ್ಕಕ್ಕಿಟ್ಟರು. ರೇಣುಕಾಪ್ರಸಾದನ ಕಡೆಯ ಪೆಡಲು ಟಕ್ಕೆಂದು ಮೇಲೆ ಬಂತು.

“ಇಲ್ಲ. ಸಕ್ಕರೆ ಕಾಯಿಲೆ. ಎರಡು ವರ್ಷ ಆಯ್ತು, ಇಲ್ಲ. ಗುರುವಾರ ಆರೂವರೆಗೆ ಫಾರಂ ತಗೊಂಡು ಬಾ, ನಾನು ಹಿಂದಿನ ಸೀಟಲ್ಲಿ ಕೂರ್ತೀನಿ. ಈಗ ಬಾಯಿ ಮುಚ್ಕೊಂಡು ಏರು ಹತ್ತಿಸು.”